ತಕರಾರಿಗೊಂದು ಸಾಲು ಜಾಗ

ಇಂಗ್ಲಿಷಿನ ‘ಡಿಮರ್’ ಎಂಬ ಪದವನ್ನು ಬ್ಯಾಂಕ್ ನೌಕರಿಯ ಉದ್ದಕ್ಕೂ ನಾನು ಕಂಡದ್ದು ಒಂದೇ ಜಾಗದಲ್ಲಿ, ಬ್ಯಾಂಕ್ ಗ್ಯಾರಂಟಿಯ ಛಾಪಾ ಕಾಗದದಲ್ಲಿ. ಅಲ್ಲಿಯೂ ಅದು ಒಂಟಿಯಾಗಿ ಬರುವುದಿಲ್ಲ. ‘ವಿದೌಟ್ ಎನಿ ಡಿಮರ್’ ಎಂದೇ ಬರುತ್ತದೆ. ನಿಘಂಟು ತೆಗೆದರೆ ಡಿಮರ್ ಎಂದರೆ ದನಿ ಏರಿಸದೆ ಎತ್ತುವ ಆಕ್ಷೇಪ, ಒಪ್ಪುವ ಮುನ್ನ ಒಂದು ಗಳಿಗೆ ತಡೆಯುವುದು. ‘ನೀವು ಹೇಳಿದ್ದು ಸರಿ, ಆದರೂ ನನ್ನದೊಂದು ಮಾತು’ ಎಂದು ಶುರುವಾಗುವ ಬಗೆ. ಇಷ್ಟು ಸಾಧುವಾದ ಪದವನ್ನು ನಮ್ಮ ಕಚೇರಿಗಳು ದಿನಾ ಬಳಸುತ್ತವೆ, ಅದಕ್ಕೆ ಬಾಗಿಲು ಹಾಕುವುದಕ್ಕೆ ಮಾತ್ರ.

ಇದರ ನೆರೆಮನೆಯ ಪದ ‘ಡಿಮ್ಯೂರ್’ 2024ರಲ್ಲಿ ರೀಲ್ಸ್ ನೋಡುವ ಹುಡುಗ ಹುಡುಗಿಯರ ಬಾಯಲ್ಲೆಲ್ಲ ಓಡಾಡಿತು. ಡಿಕ್ಷನರಿ ಡಾಟ್ ಕಾಮ್‌ನವರು ಅದನ್ನೇ ಆ ವರ್ಷದ ಪದವೆಂದು ಆರಿಸಿದರು. ನನ್ನ ಮಗಳು ಎರಡೂ ಒಂದೇ ಅಂದುಕೊಂಡಿದ್ದಳು. ಅದು ನಾಚಿಕೆ, ಸಂಕೋಚಗಳ ಪದ. ಇದು ನಾಚಿಕೆಯನ್ನು ಬಿಟ್ಟು, ಮರ್ಯಾದೆಯನ್ನು ಬಿಡದೆ, ತಕರಾರು ಎತ್ತುವ ಪದ.

ಗುತ್ತಿಗೆದಾರರ ಮನೆಗಳಲ್ಲಿ ಬ್ಯಾಂಕ್ ಗ್ಯಾರಂಟಿ ಎಂದರೆ ಏನೆಂದು ಮಕ್ಕಳಿಗೂ ಗೊತ್ತು. ಉಳಿದವರಿಗಾಗಿ ಹೇಳುತ್ತೇನೆ. ಸರ್ಕಾರದ ಇಲಾಖೆಯೊಂದು ಸೇತುವೆಯ ಕೆಲಸವನ್ನು ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆದಾರ ಅರ್ಧಕ್ಕೆ ಬಿಟ್ಟು ಹೋದರೆ ಇಲಾಖೆಗೆ ದಿಕ್ಕೇನು? ಅದಕ್ಕಾಗಿ ಕಾಮಗಾರಿ ಮೊತ್ತದ ಇಂತಿಷ್ಟು ಪಾಲಿಗೆ ಅವನ ಬ್ಯಾಂಕಿನಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತದೆ. ಗುತ್ತಿಗೆದಾರ ಕರಾರು ಮುರಿದಿದ್ದಾನೆಂದು ನೀವು ಕಾಗದ ಬರೆದರೆ ಸಾಕು, ಕೇವಲ ಆ ಬೇಡಿಕೆಯ ಮೇಲೆ, ಯಾವ ಡಿಮರ್ ಇಲ್ಲದೆ ನಾವು ಹಣ ಕೊಡುತ್ತೇವೆ ಎಂದು ಬ್ಯಾಂಕು ಬರೆದುಕೊಡುತ್ತದೆ. ಇದಕ್ಕಾಗಿ ಗುತ್ತಿಗೆದಾರನಿಂದ ಒಂದಷ್ಟು ಠೇವಣಿ ಮಾರ್ಜಿನ್ ಅಂತ ಹಿಡಿದಿಟ್ಟುಕೊಳ್ಳುತ್ತದೆ, ಕಮಿಷನ್ ಕೂಡ ತಿನ್ನುತ್ತದೆ.

ತೊಂದರೆ ಬರುವುದು ಇಲಾಖೆಯ ಎಂಜಿನಿಯರಿಂದ ‘ಗ್ಯಾರಂಟಿ ಇನ್ವೋಕ್ ಮಾಡಿದ್ದೇವೆ’ ಎಂಬ ಲಕೋಟೆ ಬಂದ ದಿನ. ಮಧ್ಯಾಹ್ನದೊಳಗೆ ಗುತ್ತಿಗೆದಾರ ಫೈಲು ಅವುಚಿಕೊಂಡು ಎದುರು ಕೂತಿರುತ್ತಾನೆ. “ಮೇಡಂ, ಜಾಗವನ್ನೇ ಬಿಡಿಸಿ ಕೊಡ್ಲಿಲ್ಲ ಅವ್ರು. ಮಳೆಗಾಲದಲ್ಲಿ ನಾನು ಹೊಳೆಯಲ್ಲಿ ಕಂಬ ಎಬ್ಬಿಸುವುದು ಹೇಗೆ? ಎರಡು ದಿನ ತಡೀರಿ, ಸ್ಟೇ ತರ್ತೇನೆ.” ಅವನು ಹೇಳುವುದು ನಿಜವೇ ಇರಬಹುದು. ಅವನ ಬಳಿ ಫೋಟೊಗಳಿರುತ್ತವೆ, ಇಲಾಖೆಗೆ ಬರೆದ ಪತ್ರಗಳ ನಕಲು ಇರುತ್ತದೆ. ಆದರೆ ಬ್ಯಾಂಕಿನ ಕುರ್ಚಿಯಲ್ಲಿ ಕೂತವಳಿಗೆ ಅದನ್ನು ಕೇಳುವ ಅಧಿಕಾರವಿಲ್ಲ. ಬೇಡಿಕೆಯ ಕಾಗದ ಗ್ಯಾರಂಟಿಯ ಷರತ್ತಿನಂತಿದೆಯೇ, ಅವಧಿ ಮುಗಿದಿಲ್ಲವೇ, ಇಷ್ಟು ನೋಡಿ ಹಣ ಕಳಿಸಬೇಕು. ಠೇವಣಿ ಮುರಿದು ಸಾಲದಿದ್ದರೆ ಉಳಿದದ್ದು ಅವನ ಹೆಸರಿನಲ್ಲಿ ಸಾಲವಾಗುತ್ತದೆ.

ಈ ಕಟ್ಟುನಿಟ್ಟಿಗೆ ಒಂದು ಸ್ವಾರಸ್ಯದ ಹಿನ್ನೆಲೆ ಇದೆ. ಎಪ್ಪತ್ತರ ದಶಕದಲ್ಲಿ ಎಡ್ವರ್ಡ್ ಓವೆನ್ ಎಂಬ ಇಂಗ್ಲಿಷ್ ಕಂಪನಿ ಲಿಬಿಯಾದಲ್ಲಿ ಗಾಜಿನ ಹಸಿರುಮನೆಗಳನ್ನು ಕಟ್ಟಿಕೊಡಲು ಒಪ್ಪಿತು. ಒಪ್ಪಂದದ ಮೊತ್ತದ ಶೇ 10ರಷ್ಟಕ್ಕೆ ಬಾರ್ಕ್ಲೇಸ್ ಬ್ಯಾಂಕಿನ ಗ್ಯಾರಂಟಿ ಕೊಟ್ಟಿತು. ಲಿಬಿಯಾದ ಗಿರಾಕಿಗಳು ತಾವು ತೆರೆಯಬೇಕಿದ್ದ ಲೆಟರ್ ಆಫ್ ಕ್ರೆಡಿಟ್ಟನ್ನು ಸರಿಯಾಗಿ ತೆರೆಯಲೇ ಇಲ್ಲ. ಕಂಪನಿ ಕೆಲಸಕ್ಕೆ ಕೈಹಾಕಲಿಲ್ಲ. ಅತ್ತಲಿಂದ ಗ್ಯಾರಂಟಿಯ ಹಣಕ್ಕೆ ಬೇಡಿಕೆ ಬಂತು! ತಪ್ಪು ಯಾರದೆಂದು ಎಲ್ಲರಿಗೂ ಕಾಣುತ್ತಿತ್ತು. ಆದರೂ 1977ರಲ್ಲಿ ಲಾರ್ಡ್ ಡೆನ್ನಿಂಗ್ ಅವರಿದ್ದ ನ್ಯಾಯಪೀಠ ಬ್ಯಾಂಕು ಹಣ ಕೊಡುವುದನ್ನು ತಡೆಯಲು ಒಪ್ಪಲಿಲ್ಲ. ಬ್ಯಾಂಕು ಕೊಟ್ಟ ಮಾತು ಬೇರೆ, ನಿಮ್ಮಿಬ್ಬರ ಜಗಳ ಬೇರೆ ಎಂದಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 1987ರಲ್ಲಿ ಉತ್ತರ ಪ್ರದೇಶದ ಸಹಕಾರ ಮಹಾಮಂಡಲದ ಮೊಕದ್ದಮೆಯಲ್ಲಿ ಇದೇ ದಾರಿ ಹಿಡಿಯಿತು. ಬುಡಮಟ್ಟದ ವಂಚನೆ ನಡೆದಿದ್ದರೆ, ಇಲ್ಲವೇ ಮತ್ತೆಂದೂ ಸರಿಪಡಿಸಲಾಗದ ಅನ್ಯಾಯವಾಗುವಂತಿದ್ದರೆ ಮಾತ್ರ ತಡೆ ಎಂಬುದು ಈಗ ಗಟ್ಟಿಯಾದ ಕಾನೂನು.

ಇದನ್ನು ನಾನು ತಪ್ಪು ಎನ್ನಲಾರೆ. ಗುತ್ತಿಗೆದಾರನ ಮುಖ ನೋಡಿ ಸಂಕಟವಾದ ದಿನಗಳಲ್ಲೂ ಎಂದಿಲ್ಲ. ಕೊಟ್ಟ ಮಾತಿಗೆ ಬ್ಯಾಂಕು ಪ್ರತಿಸಲ ‘ಆದರೆ’ ಸೇರಿಸುತ್ತ ಹೋದರೆ ನಾಳೆ ಬ್ಯಾಂಕಿನ ಕಾಗದವನ್ನು ಯಾರೂ ಮೂಸುವುದಿಲ್ಲ. ತಕರಾರು ಎತ್ತುವುದಿಲ್ಲ ಎಂಬುದಕ್ಕೇ ಅಲ್ಲಿ ದುಡ್ಡು ಕೊಟ್ಟಿರುತ್ತಾರೆ. ನನ್ನ ಜಗಳ ಬೇರೆಯದು. ಹಣ ಕೊಡುವ ಕಾಗದಕ್ಕೆಂದು ಹುಟ್ಟಿದ ಆ ಷರತ್ತು ಮೆಲ್ಲಗೆ ಮೀಟಿಂಗ್ ಹಾಲಿಗೆ ಬಂದು ಕೂತಿದೆ. ಸಾಲ ಮಂಜೂರಿಯ ಸಮಿತಿ, ಕಂಪನಿಯ ಬೋರ್ಡು, ಸಹಕಾರ ಸಂಘದ ಮಹಾಸಭೆ, ಎಲ್ಲಿ ಹೋದರೂ ಸಹಿ ಹಾಕುವವರು ಗ್ಯಾರಂಟಿ ಬರೆದುಕೊಟ್ಟವರಂತೆಯೇ ನಡೆದುಕೊಳ್ಳುತ್ತಾರೆ. ಬೇಡಿಕೆ ಬಂದರೆ ಸಾಕು, ಮರುಮಾತಿಲ್ಲ.

ಡಿಮರ್ ಪದದ ಬೇರು ಲ್ಯಾಟಿನ್ನಿನಲ್ಲಿದೆ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಬೇರಿನ ಅರ್ಥ ಆಕ್ಷೇಪವೇ ಅಲ್ಲ, ತಡಮಾಡುವುದು, ನಿಲ್ಲುವುದು. ಅದೇ ಮನೆತನದ ‘ಡೆಮರೇಜ್’ ಪದದಲ್ಲಿ ಆ ಹಳೆಯ ಅರ್ಥ ಇನ್ನೂ ಜೀವಂತವಿದೆ. ನನ್ನ ತಮ್ಮ ಪಣಂಬೂರಿನ ಬಂದರಿನಲ್ಲಿ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿದ್ದ. ಸರಕು ಇಳಿದು, ಉಚಿತವಾಗಿ ಇಟ್ಟುಕೊಳ್ಳುವ ದಿನಗಳು ಮುಗಿದರೂ ಕಸ್ಟಮ್ಸ್ ಕಾಗದ ಬಾರದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. “ಅಕ್ಕ, ಡೆಮರೇಜ್ ಮೀಟರ್ ಓಡ್ತಾ ಉಂಟು” ಎನ್ನುತ್ತಿದ್ದ. ರೈಲ್ವೆಯವರು ವ್ಯಾಗನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡದಿದ್ದರೆ ಹಾಕುವ ದಂಡದ ಹೆಸರೂ ಅದೇ. ಕೋವಿಡ್ ಕಾಲದಲ್ಲಿ 2020ರ ಮಾರ್ಚಿನಿಂದ ಆಗಸ್ಟ್‌ವರೆಗೆ ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಕೊಟ್ಟ ‘ಮೊರಟೋರಿಯಂ’ ಇದೇ ಬೇರಿನ ಇನ್ನೊಂದು ಚಿಗುರು. ವ್ಯಾಪಾರದಲ್ಲಿ ತಡಕ್ಕೆ ಬೆಲೆ ಕಟ್ಟುತ್ತಾರೆ, ದಿನದ ಲೆಕ್ಕದಲ್ಲಿ ವಸೂಲಿ ಮಾಡುತ್ತಾರೆ. ಸಭೆಯಲ್ಲಿ ತಡೆದು ಯೋಚಿಸುವುದಕ್ಕೆ ಮಾತ್ರ ಯಾರೂ ಕಾಸು ಬೆಲೆ ಕೊಡುವುದಿಲ್ಲ.

ಕೋರ್ಟಿನವರ ಹತ್ತಿರ ಇದೇ ಮನೆತನದ ಮೂರನೆಯದೊಂದು ಪದವಿದೆ, ‘ಡಿಮರರ್’. ಹಳೆಯ ಇಂಗ್ಲಿಷ್ ನ್ಯಾಯಾಲಯಗಳಲ್ಲಿ ಪ್ರತಿವಾದಿ ಎದ್ದು ನಿಂತು, ಎದುರಾಳಿ ಹೇಳಿದ ಸಂಗತಿಗಳೆಲ್ಲ ನಿಜವೆಂದೇ ಇಟ್ಟುಕೊಳ್ಳೋಣ, ಆದರೂ ಕಾನೂನಿನಲ್ಲಿ ಇವರಿಗೆ ಪರಿಹಾರ ಸಿಗುವುದಿಲ್ಲ ಎಂದು ವಾದಿಸಬಹುದಿತ್ತು. ಇಂಗ್ಲೆಂಡಿನಲ್ಲಿ 1883ರಲ್ಲಿ ಅದನ್ನು ತೆಗೆದರು, ಕ್ಯಾಲಿಫೋರ್ನಿಯಾದಲ್ಲಿ ಇಂದಿಗೂ ಇದೆ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮದಲ್ಲಿ ಅದರ ಗುಣ ಉಳಿದಿದೆ: ದಾವಾ ಅರ್ಜಿಯಲ್ಲಿ ಹೇಳಿದ್ದನ್ನೆಲ್ಲ ನಿಜವೆಂದು ಹಿಡಿದರೂ ವ್ಯಾಜ್ಯಕ್ಕೆ ಕಾರಣವೇ ಕಾಣದಿದ್ದರೆ ಅರ್ಜಿಯನ್ನು ಅಲ್ಲಿಗೇ ತಳ್ಳಿಹಾಕಬಹುದು. ಆಕ್ಷೇಪಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಶಿಸ್ತು ನನಗೆ ತಿಳಿದಿಲ್ಲ. ಎದುರಿನವರ ಮಾತನ್ನು ಮೊದಲು ಪೂರ್ತಿ ಒಪ್ಪಿಕೊಂಡು, ಆಮೇಲೂ ನಿಲ್ಲುವ ತಕರಾರು ಇದ್ದರೆ ಅದನ್ನಷ್ಟೇ ಎತ್ತುವುದು. ವಿನಯವೆಂದರೆ ಮೆತ್ತಗಿನ ದನಿ ಎಂದು ನಾವು ತಿಳಿದಿದ್ದೇವೆ. ಕೂಗಾಡಿಯೂ ಹೀಗೆ ಆಕ್ಷೇಪಿಸಬಹುದು, ಪಿಸುಗುಟ್ಟಿಯೂ ಚಾಡಿ ಹೇಳಬಹುದು.

ಕನ್ನಡದಲ್ಲಿ ಈ ನಡೆಗೆ ಮಾತುಗಳಿಲ್ಲವೆಂದಲ್ಲ. ಹಿಂದೆಮುಂದೆ ನೋಡುತ್ತೇವೆ, ರಾಗ ಎಳೆಯುತ್ತೇವೆ, ಮೀನಮೇಷ ಎಣಿಸುತ್ತೇವೆ. ಆದರೆ ಇವೆಲ್ಲ ಆಕ್ಷೇಪಿಸಿದವರನ್ನು ಆಡಿಕೊಳ್ಳುವ ಮಾತುಗಳು. ಸ್ವಲ್ಪ ಜೋರಾದರೆ ಕ್ಯಾತೆ ತೆಗೆದ, ಕೊಕ್ಕೆ ಹಾಕಿದ, ಅಪಸ್ವರ ಎತ್ತಿದ. ಸುಮ್ಮನೆ ಒಪ್ಪಿಕೊಂಡವರಿಗೆ ಮಾತ್ರ ಎಂಥ ಸಿರಿವಂತ ನುಡಿಗಟ್ಟುಗಳು! ಚಕಾರ ಎತ್ತದೆ, ತುಟಿ ಪಿಟಕ್ಕೆನ್ನದೆ, ಮರುಮಾತಾಡದೆ, ಹೇಳಿದ್ದನ್ನು ತಲೆಯ ಮೇಲೆ ಹೊತ್ತು. ನಮ್ಮ ಮನೆಗಳ ಹಿರಿಯರೂ ಆಫೀಸುಗಳ ಸಾಹೇಬರೂ ಸೇರಿ ಬೆಳೆಸಿದ ಸಂಪತ್ತು ಇದು. ಎರಡೂ ಕಡೆ ಹೆಂಗಸಾಗಿ ಬದುಕಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಪ್ರಾದೇಶಿಕ ಕಚೇರಿಯ ಸಾಲ ವಿಭಾಗದಲ್ಲಿದ್ದಾಗ ಗೇರುಬೀಜದ ಕಾರ್ಖಾನೆಯೊಂದರ ಸಾಲದ ಮಿತಿ ಹೆಚ್ಚಿಸುವ ಪ್ರಸ್ತಾವ ಬಂತು. ಕರಾವಳಿಯಲ್ಲಿ ಗೇರು ಕಾರ್ಖಾನೆಗಳಿಗೆ ಸಾಲ ಕೊಡುವುದು ಹಳೆಯ ಕಸುಬು. ಆಫ್ರಿಕಾದಿಂದ ಹಸಿ ಬೀಜ ಹಡಗಿನಲ್ಲಿ ಬರುತ್ತದೆ, ಗೋಣಿಗಳಲ್ಲಿ ಗೋದಾಮು ಸೇರುತ್ತದೆ, ಬೇಯಿಸಿ, ಒಡೆದು, ಸಿಪ್ಪೆ ಬಿಡಿಸಿ ತಿರುಳು ಮಾರುವವರೆಗೆ ದುಡ್ಡು ಕಟ್ಟಿಹಾಕಿಕೊಂಡಿರುತ್ತದೆ. ಆ ದಾಸ್ತಾನಿನ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ತಿಂಗಳು ತಿಂಗಳು ಬರುವ ದಾಸ್ತಾನು ಪಟ್ಟಿಯನ್ನೂ ಗೋದಾಮಿನ ಅಳತೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಪಟ್ಟಿಯಲ್ಲಿದ್ದಷ್ಟು ಗೋಣಿಗಳನ್ನು ಸೂರಿನ ತನಕ ಒಟ್ಟಿದರೂ ಆ ಗೋದಾಮಿನಲ್ಲಿ ಹಿಡಿಸುವಂತಿರಲಿಲ್ಲ. ನೋಟ್ ಶೀಟಿನಲ್ಲಿ ಎರಡು ಸಾಲು ಬರೆದೆ: ಪಾರ್ಟಿಯ ವ್ಯವಹಾರ ಹಳೆಯದು, ಕಂತುಗಳು ಬಾಕಿ ಇಲ್ಲ; ಆದರೆ ದಾಸ್ತಾನನ್ನು ಕಣ್ಣಾರೆ ನೋಡಿ ಎಣಿಸಿ ಬಂದ ಮೇಲೆ ಮುಂದುವರಿಯುವುದು ಒಳಿತು.

ಮೇಲಿನವರು ಕರೆಸಿದರು. ಗದರಲಿಲ್ಲ, ಒಳ್ಳೆಯ ಮನುಷ್ಯರೇ. “ನೀವು ಹೇಳಿದ್ದು ಸರಿಯೇ ಇರಬಹುದು ಮೇಡಂ. ಬಾಯಲ್ಲಿ ಹೇಳಿದಿರಲ್ಲ, ಸಾಕು. ಕಾಗದದ ಮೇಲೆ ಯಾಕೆ?” ಎಂದರು. ನಾನು ಹಾಳೆ ಬದಲಿಸಲಿಲ್ಲ. ಅವರೂ ಹಟ ಮಾಡಲಿಲ್ಲ. ನನ್ನ ಎರಡು ಸಾಲಿನ ಕೆಳಗೇ ‘ಮಂಜೂರು’ ಎಂದು ಬರೆದು ಸಹಿ ಹಾಕಿದರು. ಗೋದಾಮಿಗೆ ಯಾರೂ ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ಆ ಖಾತೆ ಕೆಟ್ಟಿತು. ಸಾಲ ಕೆಟ್ಟಾಗ ಬ್ಯಾಂಕುಗಳಲ್ಲಿ ಸ್ಟಾಫ್ ಅಕೌಂಟಬಿಲಿಟಿ ಎಂಬ ಪರೀಕ್ಷೆ ನಡೆಯುತ್ತದೆ. ಫೈಲಿನಲ್ಲಿ ಸಹಿ ಇದ್ದವರೆಲ್ಲ ಉತ್ತರ ಕೊಡಬೇಕು. ನನ್ನನ್ನು ಆ ಎರಡು ಸಾಲು ಉಳಿಸಿತು. ಸಹೋದ್ಯೋಗಿಗಳು ‘ನೋಡಿ, ಬರೆದಿಟ್ಟದ್ದು ಹೇಗೆ ಕೈ ಹಿಡಿಯಿತು’ ಎಂದು ಹೊಗಳಿದರು. ಆ ಹೊಗಳಿಕೆ ನನಗೆ ಇಂದಿಗೂ ಹಿಡಿಸಿಲ್ಲ. ನಾನು ಬರೆದದ್ದು ಬ್ಯಾಂಕಿನ ಹಣ ಉಳಿಯಲಿ ಎಂದು. ಉಳಿದದ್ದು ನನ್ನ ಪಿಂಚಣಿ. ಆಕ್ಷೇಪವೆಂಬುದು ಆಕ್ಷೇಪಿಸಿದವರ ವಿಮೆ ಪಾಲಿಸಿ ಆಗಿಬಿಟ್ಟರೆ ಅದರಿಂದ ಸಂಸ್ಥೆಗೆ ಏನು ಬಂತು? 2018ರ ಮಾರ್ಚಿನಲ್ಲಿ ದೇಶದ ವಾಣಿಜ್ಯ ಬ್ಯಾಂಕುಗಳ ಸಾಲಗಳಲ್ಲಿ ಶೇ 11ಕ್ಕಿಂತ ಹೆಚ್ಚು ಕೆಟ್ಟ ಸಾಲವಾಗಿತ್ತು. ಆ ಫೈಲುಗಳಲ್ಲಿ ಇಂಥ ಎರಡೆರಡು ಸಾಲುಗಳು ಎಷ್ಟು ಬಿದ್ದಿವೆಯೋ, ಬಾಯಲ್ಲೇ ಉಳಿದವು ಇನ್ನೆಷ್ಟೋ.

ಇದರ ಬಲು ದೊಡ್ಡ ಉದಾಹರಣೆ ಮುಂಬೈಯ ರಿಸರ್ವ್ ಬ್ಯಾಂಕಿನದು. 2016ರ ನವೆಂಬರ್ 8ರ ಸಂಜೆ ಐದೂವರೆಗೆ ಅದರ ಕೇಂದ್ರ ಮಂಡಳಿ ದೆಹಲಿಯಲ್ಲಿ ಸಭೆ ಸೇರಿತು. 500 ಮತ್ತು 1000 ರೂಪಾಯಿ ನೋಟುಗಳನ್ನು ರದ್ದು ಮಾಡಲು ಶಿಫಾರಸು ಮಾಡಬೇಕಿತ್ತು. ಆ ಸಭೆಯ ನಡಾವಳಿ ಮಾಹಿತಿ ಹಕ್ಕಿನ ಮೂಲಕ 2019ರಲ್ಲಿ ಹೊರಬಂತು. ಓದಿದರೆ ಅದು ಡಿಮರ್ ಎಂಬ ಪದಕ್ಕೆ ಬರೆದ ವ್ಯಾಖ್ಯಾನದಂತಿದೆ. ಕ್ರಮ ಮೆಚ್ಚತಕ್ಕದ್ದು ಎನ್ನುತ್ತದೆ, ಒಡನೆಯೇ ಈ ವರ್ಷದ ಜಿಡಿಪಿಗೆ ಅಲ್ಪಾವಧಿಯಲ್ಲಿ ಪೆಟ್ಟು ಬೀಳುತ್ತದೆ ಎನ್ನುತ್ತದೆ. ಕಪ್ಪುಹಣದ ಬಹುಪಾಲು ನಗದಿನಲ್ಲಿಲ್ಲ, ಚಿನ್ನದಲ್ಲಿ, ಜಮೀನು ಕಟ್ಟಡಗಳಲ್ಲಿ ಇದೆ ಎಂದು ಬರೆಯುತ್ತದೆ. ಖೋಟಾ ನೋಟು 400 ಕೋಟಿ ಎನ್ನುತ್ತೀರಿ, ಚಲಾವಣೆಯಲ್ಲಿರುವ ಒಟ್ಟು ಹಣದ ಮುಂದೆ ಅದು ಅಷ್ಟೇನೂ ದೊಡ್ಡದಲ್ಲ ಎಂದೂ ಹೇಳುತ್ತದೆ. ಇಷ್ಟೆಲ್ಲ ಬರೆದು ಕೊನೆಗೆ ಶಿಫಾರಸು ಮಾಡುತ್ತದೆ. ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದರು. ಮೌಲ್ಯದ ಲೆಕ್ಕದಲ್ಲಿ ದೇಶದ ನಗದಿನ ಶೇ 86ರಷ್ಟು ಆ ಮಧ್ಯರಾತ್ರಿಯಿಂದ ಚಲಾವಣೆ ಕಳೆದುಕೊಂಡಿತು.

ನಾನು ಆಗ ಶಾಖೆಯಲ್ಲಿದ್ದೆ. ಕೌಂಟರಿನಲ್ಲಿ ನೋಟು ಬದಲಿಸುವ ಮಿತಿ ಒಮ್ಮೆ 4000, ಆಮೇಲೆ 4500, ಆಮೇಲೆ 2000. ಬೆರಳಿಗೆ ಶಾಯಿ ಹಚ್ಚಿ ಎಂದು ಮತ್ತೊಂದು ಆದೇಶ. ಮತದಾನದ ಶಾಯಿ ಮಾಡುವ ನಮ್ಮ ಮೈಸೂರಿನ ಕಾರ್ಖಾನೆಗೇ ಅದರ ಬೇಡಿಕೆಯೂ ಹೋಯಿತು. ಸುತ್ತೋಲೆ ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಸುತ್ತೋಲೆ. ಮೀನು ಮಾರುವ ಹೆಂಗಸರು, ಕೂಲಿಯವರು ಬೆಳಗಿನಿಂದ ಸಾಲಿನಲ್ಲಿ. ಅವರಿಗೆ ಉತ್ತರ ಹೇಳಬೇಕಾದವರು ನಾವು, ಆಕ್ಷೇಪ ಬರೆದವರು ದೆಹಲಿಯಲ್ಲಿ ಕೂತಿದ್ದವರು. ಎರಡು ವರ್ಷದ ಮೇಲೆ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ ಬಂತು. ರದ್ದಾದ ನೋಟುಗಳ ಶೇ 99.3ರಷ್ಟು ಬ್ಯಾಂಕುಗಳಿಗೆ ವಾಪಸು ಬಂದಿತ್ತು. ನಿರ್ದೇಶಕರ ತಕರಾರು ಸರಿಯಾಗಿಯೇ ಇತ್ತು, ಹೊತ್ತಿಗೆ ಒದಗಲಿಲ್ಲ.

ಇದೇ ಸಂಗತಿ ಸುಪ್ರೀಂ ಕೋರ್ಟಿಗೆ ಹೋಗಿ 2023ರ ಜನವರಿ 2ರಂದು ತೀರ್ಪು ಬಂದಾಗ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಕ್ರಮ ಸರಿ ಎಂದರು. ಸರ್ಕಾರಕ್ಕೂ ರಿಸರ್ವ್ ಬ್ಯಾಂಕಿಗೂ ಆರು ತಿಂಗಳು ಸಮಾಲೋಚನೆ ನಡೆದಿತ್ತು ಎಂಬುದು ಅವರ ಒಂದು ಮುಖ್ಯ ಆಧಾರ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಬ್ಬರು ಒಪ್ಪಲಿಲ್ಲ, ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅವರು ಆಕ್ಷೇಪಿಸಿದ ರೀತಿ ನನಗೆ ಪಾಠದಂತೆ ಕಂಡಿತು. ಉದ್ದೇಶ ಒಳ್ಳೆಯದು, ಸದಾಶಯದ್ದು ಎಂದು ಮೊದಲೇ ಒಪ್ಪಿಕೊಂಡರು. ಆಮೇಲೆ ಗಡಿಯಾರ ನೋಡಿದರು. ನವೆಂಬರ್ 7ರಂದು ಸರ್ಕಾರದ ಪತ್ರ, ಮರುದಿನವೇ ಮಂಡಳಿಯ ಶಿಫಾರಸು, ಅಂದೇ ಅಧಿಸೂಚನೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಲ್ಲ ಮುಗಿದಾಗ ರಿಸರ್ವ್ ಬ್ಯಾಂಕು ಸ್ವತಂತ್ರವಾಗಿ ಯೋಚಿಸಿದ್ದಾದರೂ ಯಾವಾಗ ಎಂದು ಕೇಳಿದರು. ಪ್ರಸ್ತಾವ ಸರ್ಕಾರದಿಂದಲೇ ಹೊರಟಿದ್ದರೆ ಗೆಜೆಟ್ ಅಧಿಸೂಚನೆ ಸಾಲದು, ಶಾಸನವೇ ಬೇಕು ಎಂದರು. ಆದದ್ದನ್ನು ಹಿಂದಕ್ಕೆ ತರಲಾಗದು ಎಂಬ ಅರಿವೂ ಅವರಿಗಿತ್ತು. ಹಾಗಾಗಿ ಹಳೆಯದನ್ನು ಕೆದಕಲಿಲ್ಲ, ಮುಂದಿನವರಿಗೆಂದು ಬರೆದಿಟ್ಟರು.

ಇಂಥ ಬರಹಕ್ಕೆ ಉತ್ತರ ಬರಲು ಎಷ್ಟು ಕಾಲ ಬೇಕಾಗಬಹುದು? ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಐವರಲ್ಲಿ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಅವರ ಹಿರಿತನವನ್ನು ದಾಟಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಅವರು ರಾಜೀನಾಮೆ ಕೊಟ್ಟರು. ಆ ಬಹುಮತದ ತೀರ್ಪನ್ನು ಸುಪ್ರೀಂ ಕೋರ್ಟ್ ಅಳಿಸಿಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಡುವೆ 41 ವರ್ಷ. ಕೋರ್ಟಿಗೆ ಅಷ್ಟು ಕಾಯುವ ತಾಳ್ಮೆ ಇದೆ. ಗೇರುಬೀಜದ ಗೋದಾಮಿಗೆ ಇಲ್ಲ.

ಹಾಗಾಗಿ ನನ್ನ ವಾದ ಸಣ್ಣದು. ಆಕ್ಷೇಪವನ್ನು ದಾಖಲಿಸಿದರೆ ಸಾಲದು, ಅದಕ್ಕೆ ಉತ್ತರ ಬರೆಯುವವರೆಗೆ ಮೇಲಿನವರ ಸಹಿ ಬೀಳಕೂಡದು. ಉತ್ತರ ಒಂದೇ ಸಾಲಾದರೂ ಸರಿ. ‘ದಾಸ್ತಾನು ಎಣಿಸುವ ಅಗತ್ಯವಿಲ್ಲ, ಏಕೆಂದರೆ...’ ಎಂದು ಬರೆಯಲು ಕೂತಿದ್ದರೆ ನಮ್ಮ ಮೇಲಿನವರಿಗೆ ಆ ‘ಏಕೆಂದರೆ’ಯ ಮುಂದೆ ಏನು ಬರೆಯಬೇಕೆಂದು ತೋಚುತ್ತಿರಲಿಲ್ಲ. ಮರುದಿನ ಯಾರನ್ನಾದರೂ ಗೋದಾಮಿಗೆ ಕಳಿಸುತ್ತಿದ್ದರು.

ಇದಕ್ಕೆ ಬರುವ ಎದುರು ಮಾತು ನನಗೆ ಗೊತ್ತು. ಸರ್ಕಾರಿ ಕಚೇರಿಗಳಲ್ಲಿ ಫೈಲು ಈಗಲೇ ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ, ನೀವು ಇನ್ನೂ ನಿಲ್ಲಿಸಲು ಹೇಳುತ್ತೀರಲ್ಲ ಎನ್ನುತ್ತಾರೆ. ನನ್ನ ಯಜಮಾನರು ಮಾಸ್ತರಿಕೆಯಿಂದ ನಿವೃತ್ತರಾದವರು. ಅವರ ಬಾಕಿ ಬಿಲ್ಲೊಂದು ಒಂದು ಕಚೇರಿಯಿಂದ ‘ಅಬ್ಜೆಕ್ಷನ್’ ಬರೆಸಿಕೊಂಡು ವಾಪಸು ಬಂತು: ಸೇವಾ ಪುಸ್ತಕದ ನಕಲಿಲ್ಲ. ನಕಲು ಲಗತ್ತಿಸಿದೆವು. ಮತ್ತೆ ಬಂತು: ನಕಲಿಗೆ ದೃಢೀಕರಣವಿಲ್ಲ. ಅದನ್ನೂ ಮಾಡಿಸಿದೆವು. ಮೂರನೆಯ ಸಲ: ನಮೂನೆ ಹಳೆಯದು. ಮೂರೂ ಮೊದಲ ದಿನವೇ ಕಾಣುವಂಥವು. ಒಂದೊಂದಾಗಿ ಹೊರತೆಗೆದದ್ದು ಏಕೆಂದು ಯಾರಿಗೆ ಗೊತ್ತಿಲ್ಲ? ಇದನ್ನೇ ಜನ ಕೊಕ್ಕೆ ಎನ್ನುವುದು, ಆ ಹೆಸರು ಅದಕ್ಕೆ ಸರಿಯಾಗಿದೆ. ಕೊಕ್ಕೆ ಹಾಕುವುದು ಕೆಳಗಿರುವ ಅರ್ಜಿದಾರನಿಗೆ, ನಾನು ಹೇಳುವ ತಕರಾರು ಮೇಲಿರುವ ಅಧಿಕಾರಕ್ಕೆ. ಮೊದಲನೆಯದನ್ನು ತಡೆಯಲು ದಾರಿ ಇದೆ. ಇರುವ ಆಕ್ಷೇಪಗಳನ್ನೆಲ್ಲ ಒಂದೇ ಸಲ, ಹೆಸರು ಹಾಕಿ ಬರೆಯಬೇಕು. ಎರಡನೆಯ ಸಲ ಹೊಸದನ್ನು ಎತ್ತುವ ಹಕ್ಕು ಇರಕೂಡದು. ಹಡಗಿನ ಸರಕಿಗೆ ಓಡುವ ಮೀಟರನ್ನು ತಡಮಾಡಿದ ಗುಮಾಸ್ತರ ಸಂಬಳಕ್ಕೂ ಓಡಿಸಿದರೆ ಇನ್ನೂ ಒಳ್ಳೆಯದು. ಅದು ನನ್ನ ಆಸೆ ಮಾತ್ರ, ಆಗುವ ಕೆಲಸವಲ್ಲ ಬಿಡಿ.

ಕಾನೂನು ಈ ಮಟ್ಟಿಗೆ ನಮ್ಮ ಕಡೆಗೇ ಇದೆ. 2013ರ ಕಂಪನಿ ಕಾಯಿದೆಯ 118ನೇ ಕಲಮಿನ ಪ್ರಕಾರ ಬೋರ್ಡಿನ ನಿರ್ಣಯವನ್ನು ಒಪ್ಪದ ನಿರ್ದೇಶಕರ ಹೆಸರು ನಡಾವಳಿಯಲ್ಲಿ ಇರಲೇಬೇಕು. ಸ್ವತಂತ್ರ ನಿರ್ದೇಶಕರಿಗಂತೂ ಅದೇ ಕಾಯಿದೆಯ ನಾಲ್ಕನೆಯ ಅನುಸೂಚಿ ಬಿಡಿಸಿಯೇ ಹೇಳಿದೆ: ನಿಮ್ಮ ಆತಂಕ ಬಗೆಹರಿಯದಿದ್ದರೆ ಅದನ್ನು ನಡಾವಳಿಯಲ್ಲಿ ದಾಖಲಿಸುವಂತೆ ಪಟ್ಟು ಹಿಡಿಯಿರಿ. ಹಾಗಿದ್ದೂ ಬೋರ್ಡುಗಳ ನಡಾವಳಿಗಳಲ್ಲಿ ಭಿನ್ನಮತ ಅಪರೂಪ. ಕಾನೂನು ಬಾಗಿಲು ತೆರೆದಿಟ್ಟಿದೆ, ಎದ್ದು ಹೋಗಲು ಯಾರಿಗೂ ಮನಸ್ಸಿಲ್ಲ.

ದೊಡ್ಡ ಕಂಪನಿಗಳ ಮಾತು ಬಿಡೋಣ. ನಮ್ಮ ಓದುಗರಲ್ಲಿ ಬಹಳ ಮಂದಿ ಯಾವುದಾದರೂ ಸಹಕಾರ ಸಂಘದ ಸದಸ್ಯರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗದ ಪಕ್ಕದ ಕಣಗಿನಹಾಳದಲ್ಲಿ, ನಮಗೆ ಅದರ ಹೆಮ್ಮೆಯೂ ಇದೆ. ಆದರೆ ನಿವೃತ್ತಿಯ ನಂತರ ನಾನು ಹೋದ ಮಹಾಸಭೆಗಳಲ್ಲಿ ಒಂದು ಚಮತ್ಕಾರ ನೋಡಿದ್ದೇನೆ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಸಾಲು ಸಭೆ ಶುರುವಾಗುವ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆದಾಗಿರುತ್ತದೆ. ಲೆಕ್ಕಪತ್ರ ಓದುತ್ತಾರೆ, ಚಪ್ಪಾಳೆ ಬೀಳುತ್ತದೆ, ಊಟದ ಕೂಪನ್ ಹಂಚುತ್ತಾರೆ. ಯಾರಾದರೂ ಎದ್ದು ವಸೂಲಾಗದ ಸಾಲದ ಬಗ್ಗೆ ಕೇಳಿದರೆ ಅಧ್ಯಕ್ಷರು ನಗುತ್ತ “ಅದನ್ನು ಆಮೇಲೆ ಕೂತು ಮಾತಾಡುವ ಮಾರಾಯ್ರೆ” ಎನ್ನುತ್ತಾರೆ. ಕೇಳಿದವರೂ ನಕ್ಕು ಕೂರುತ್ತಾರೆ. ಠೇವಣಿ ಕೈಗೆ ಸಿಗದೆ ಸಂಘದ ಬಾಗಿಲಲ್ಲಿ ನಿಲ್ಲುವ ಕಾಲ ಬಂದಾಗ ಮಾತ್ರ ಎಲ್ಲರ ದನಿಯೂ ದೊಡ್ಡದಾಗುತ್ತದೆ.

ಸೆಪ್ಟೆಂಬರಿನಲ್ಲಿ ಊರೂರಿನ ಸಂಘಗಳ ಮಹಾಸಭೆ ನಡೆಯುತ್ತದೆ. ವಾರ್ಷಿಕ ವರದಿಯ ಪುಸ್ತಕ ಮನೆಗೆ ಬಂದಾಗ ಬಾಕಿ ಸಾಲದ ಪುಟವನ್ನೊಮ್ಮೆ ಓದಿ. ಸಂಶಯ ಬಂದರೆ ಸಭೆಯಲ್ಲಿ ಎದ್ದು, ಸಂಘ ಮಾಡಿದ ಒಳ್ಳೆಯ ಕೆಲಸವನ್ನು ಮೊದಲು ಹೇಳಿ, ಆಮೇಲೆ ನಿಮ್ಮ ಪ್ರಶ್ನೆ ಕೇಳಿ. ಅದನ್ನು ನಿಮ್ಮ ಹೆಸರಿನ ಸಹಿತ ನಡಾವಳಿಯಲ್ಲಿ ಬರೆಸಿ, ಉತ್ತರವನ್ನೂ ಬರೆದು ಕೊಡಲು ಹೇಳಿ. ‘ಬಾಯಲ್ಲಿ ಹೇಳಿದಿರಲ್ಲ, ಸಾಕು’ ಎಂದು ಯಾರಾದರೂ ಅಂದರೆ, ಹಾಗೆ ಅಂದದ್ದನ್ನೂ ಬರೆಸಿ.